ಗೋಣಿ ಹೊತ್ತವರು, ಚೀಲ ಹೊಲಿದವರು

ಗೆಳೆಯರೆ, ಮೊದಲು ನಮ್ಮ ಹೆಗಲನ್ನೇ ನೋಡಿಕೊಳ್ಳೋಣ. ಎಪ್ಪತ್ತು, ಎಂಬತ್ತರ ದಶಕಗಳಲ್ಲಿ ನಮ್ಮ ಸಭೆಗಳಿಗೆ ಬರುತ್ತಿದ್ದವರ ಹೆಗಲಿಗೆ ಒಂದೊಂದು ಬಟ್ಟೆ ಚೀಲ. ಒಳಗೆ ಕರಪತ್ರ, ಅರ್ಧ ಓದಿದ ಪುಸ್ತಕ, ಬೀಡಿ ಕಟ್ಟು, ಒಂದು ಟವೆಲ್ಲು. 1973ರ ಬೂಸಾ ಗಲಾಟೆಯ ಹೊತ್ತಿಗೂ, 1979ರಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಹುಟ್ಟಿದ ಹೊತ್ತಿಗೂ ಆ ಚೀಲ ನಮ್ಮ ಜೊತೆಗಿತ್ತು. ಚೀಲದೊಳಗಿನ ಮಾತನ್ನು ಊರೂರಿಗೆ ಹಂಚಿದೆವು. ಚೀಲ ಹೊಲಿದ ಕೈ ಯಾರದು ಅಂತ ಒಂದು ದಿನವೂ ಕೇಳಲಿಲ್ಲ. ದುಡಿಯುವವರ ಪರವಾಗಿ ಬರೆದ ನಾವೇ ಕೇಳಲಿಲ್ಲ ಅಂದಮೇಲೆ ಬೇರೆಯವರನ್ನು ಅಂದು ಏನು ಪ್ರಯೋಜನ?

ಈಗ ಆ ಬಟ್ಟೆ ಚೀಲ ಪಟ್ಟಣದ ಅಂಗಡಿಯಲ್ಲಿ ಗಾಜಿನ ಹಿಂದೆ ಕೂತಿದೆ. ಮೈತುಂಬ ಕನ್ನಡಿ ಚೂರು, ಕವಡೆ, ಕೆಂಪು ನೀಲಿ ದಾರದ ಕಸೂತಿ. ಪಕ್ಕದಲ್ಲಿ ಒಂದು ಚೀಟಿ. ಕೈಯಲ್ಲಿ ಮಾಡಿದ್ದು, ಪರಿಸರಕ್ಕೆ ಒಳ್ಳೆಯದು, ಸ್ಥಳೀಯ ಕುಶಲಕರ್ಮಿಗಳ ಜೊತೆ ಸೇರಿ ವಿನ್ಯಾಸ ಮಾಡಿದ್ದು. 'ಜೊತೆ ಸೇರಿ' ಅನ್ನೋ ಮಾತು ಕೇಳೋಕೆ ಚೆಂದ. ಆದರೆ ಆ ಚೀಟಿಯಲ್ಲಿ ಅಂಗಡಿಯ ಹೆಸರು ಇರುತ್ತದೆ, ವಿನ್ಯಾಸ ಮಾಡಿದವರ ಹೆಸರು ಇರುತ್ತದೆ, ಊರಿನ ಹೆಸರೂ ಇರುತ್ತದೆ. ಹೊಲಿದವಳ ಹೆಸರು ಹುಡುಕಿದರೂ ಸಿಗೋದು ಅಪರೂಪ. ಅವಳು ಬರೀ 'ಸ್ಥಳೀಯ ಕುಶಲಕರ್ಮಿ'.

ಹೆಸರಿಲ್ಲದ ಇವಳ ಚರಿತ್ರೆ ಬರೆಯೋಕೆ ಹೊರಟರೆ ಅದು ಚೀಲದ ಚರಿತ್ರೆಯೇ ಆಗುತ್ತದೆ. ಯಾಕಂದ್ರೆ ಬಳ್ಳಾರಿ ಜಿಲ್ಲೆಯ ಸಂಡೂರಿನ ತಾಂಡಾಗಳಲ್ಲಿ ಕೂತು ಈ ಕಸೂತಿ ಹಾಕುವ ಲಂಬಾಣಿ ಹೆಣ್ಣುಮಕ್ಕಳ ಹಿಂದಿನ ತಲೆಮಾರುಗಳು ಒಂದು ಕಾಲಕ್ಕೆ ದೇಶದ ಉದ್ದಗಲಕ್ಕೂ ಚೀಲ ಸಾಗಿಸಿದ ಜನ. ಅವರ ಚೀಲದಲ್ಲಿ ಏನಿತ್ತು, ಅದು ಯಾರ ಪಾಲಾಯಿತು, ಕೈಯಲ್ಲಿ ಸೂಜಿ ಮಾತ್ರ ಉಳಿದದ್ದು ಹೇಗೆ? ಇದನ್ನು ತಿಳಿಯದೆ ಇವತ್ತಿನ ಚೀಲದ ಬೆಲೆ ಕಟ್ಟೋಕೆ ಆಗಲ್ಲ.

*

ರೈಲಿಲ್ಲದ, ಗಾಡಿ ಓಡುವ ರಸ್ತೆಯೂ ಇಲ್ಲದ ಕಾಲದಲ್ಲಿ ಕಡಲ ಉಪ್ಪು ಒಳನಾಡಿನ ಗಡಿಗೆಗೆ ಹೇಗೆ ಬಂದು ಬಿತ್ತು? ಎತ್ತಿನ ಬೆನ್ನ ಮೇಲೆ. ಆ ಎತ್ತು ಹೊಡೆದವರು ಬಂಜಾರರು. ನಮ್ಮ ಕಡೆ ಅವರನ್ನೇ ಲಂಬಾಣಿ, ಲಮಾಣಿ, ಸುಗಾಲಿ ಅಂತ ಕರೆಯೋದು. ಪೀಟರ್ ಮಂಡಿ ಅನ್ನೋ ಇಂಗ್ಲಿಷ್ ವ್ಯಾಪಾರಿ 1632ರಲ್ಲಿ ಉತ್ತರ ಹಿಂದೂಸ್ಥಾನದ ದಾರಿಯಲ್ಲಿ 14,000 ಎತ್ತುಗಳ ಒಂದು ತಾಂಡಾ ಕಂಡು ಬರೆದಿಟ್ಟ. ಅದೇ ಶತಮಾನದಲ್ಲಿ ಬಂದ ಫ್ರೆಂಚ್ ರತ್ನವ್ಯಾಪಾರಿ ತಾವರ್ನಿಯೆ 10,000-12,000 ಎತ್ತುಗಳ ಸಾಲನ್ನು ವರ್ಣಿಸಿದ್ದಾನೆ. ಇಕ್ಕಟ್ಟಿನ ದಾರಿಯಲ್ಲಿ ಆ ಸಾಲು ದಾಟೋವರೆಗೆ ಎರಡು ಮೂರು ದಿನ ಕಾಯಬೇಕಿತ್ತಂತೆ. ಅಕ್ಕಿ ಹೊರುವ ಪಂಗಡ ಬೇರೆ, ಕಾಳಿನದು ಬೇರೆ, ಉಪ್ಪಿನದು ಬೇರೆ ಅಂತಾನೂ ಅವನೇ ಬರೆದ.

ಇವರ ಬದುಕೆಲ್ಲ ನಿಂತಿದ್ದು ಗೋಣಿಯ ಮೇಲೆ. ಎತ್ತಿನ ಬೆನ್ನಿಗೆ ಅಡ್ಡಲಾಗಿ ಬೀಳುವ ಜೋಡಿ ಚೀಲ ಅದು. ಎರಡೂ ಕಡೆ ಸಮ ತೂಕ ಇರಬೇಕು. ಒಂದು ಕಡೆ ಎರಡು ಸೇರು ಹೆಚ್ಚಾದರೂ ಎತ್ತು ವಾಲುತ್ತದೆ, ಬೆನ್ನು ಹುಣ್ಣಾಗುತ್ತದೆ. ಹುಣ್ಣಾದ ಎತ್ತು ನಡೆಯಲ್ಲ, ಎತ್ತು ನಡೆಯದಿದ್ದರೆ ಮನೆಯವರು ಉಣ್ಣಲ್ಲ. ಹೊಲಿಗೆ ಬಿಚ್ಚಿದರೆ ಉಪ್ಪು ದಾರಿಯ ಮಣ್ಣಿನ ಪಾಲು. ಸಂಜೆ ಬೀಡು ಬಿಟ್ಟಾಗ ಅದೇ ಗೋಣಿಗಳನ್ನು ಸುತ್ತಲೂ ಒಟ್ಟಿ ಗೋಡೆ ಮಾಡಿಕೊಳ್ಳುತ್ತಿದ್ದರು. ಹಗಲು ಚೀಲ, ರಾತ್ರಿ ಕೋಟೆ. ವಿನ್ಯಾಸ ಅನ್ನೋ ಪದ ಇವತ್ತು ಕಾಲೇಜಿನಲ್ಲಿ ಕಲಿಯೋ ವಿದ್ಯೆ. ಎತ್ತಿನ ಬೆನ್ನಿನ ಅಳತೆ ತಿಳಿದು, ತೂಕ ತಿಳಿದು, ಮಳೆ ತಿಳಿದು ಚೀಲ ಹೊಲಿದವಳದ್ದು ವಿನ್ಯಾಸ ಅಲ್ಲವಾ?

ಆ ಗೋಣಿಯ ಬಟ್ಟೆಗೂ ಒಂದು ಜಾತಿ ಇತ್ತು. 1800-01ರಲ್ಲಿ ಕಂಪನಿ ಸರ್ಕಾರದ ಪರವಾಗಿ ಮೈಸೂರು ಸೀಮೆ ಸುತ್ತಿದ ಬುಕಾನನ್, ಸಣಬಿನ ನಾರಿನಿಂದ ಗೋಣಿ ನೇಯುವವರನ್ನು ಬೇರೆಯೇ ಜಾತಿಯಾಗಿ ಗುರುತಿಸಿದ. ಹತ್ತಿಯ ದಪ್ಪ ಬಟ್ಟೆಯ ಕತೆಯೂ ಹೀಗೇ. ಮೈಸೂರು ಸೀಮೆಯ ಹೊಲೆಯರು ಕೈಮಗ್ಗದಲ್ಲಿ ದಪ್ಪ ಬಟ್ಟೆ ನೇಯುತ್ತಿದ್ದರು, ಬಡವರು ಅದನ್ನೇ ಉಡುತ್ತಿದ್ದರು, ಪರದೇಶದ ಅಗ್ಗದ ಬಟ್ಟೆ ಬಂದು ಆ ಮಗ್ಗ ಸೋಲುತ್ತಿದೆ ಅಂತ ಇಂಗ್ಲಿಷರ ಕಾಲದ ಬರಹಗಳಲ್ಲೇ ದಾಖಲಾಗಿದೆ. 'ಮಗ್ಗದ ಹೊಲೆಯರು' ಅಂತ ಒಂದು ಒಳಪಂಗಡದ ಹೆಸರೇ ಇತ್ತು. ಮುಟ್ಟಿದರೆ ಮೈಲಿಗೆ ಅನ್ನಿಸಿಕೊಂಡವರು ನೇಯ್ದ ಬಟ್ಟೆ ಊರೆಲ್ಲ ಉಟ್ಟಿತು. ಬಟ್ಟೆಗೆ ಮೈಲಿಗೆ ಇರಲಿಲ್ಲ, ಬಟ್ಟೆ ನೇಯ್ದವನಿಗೆ ಮಾತ್ರ ಇತ್ತು. ಈ ಲೆಕ್ಕ ಯಾವ ಶಾಸ್ತ್ರದ್ದು ಅಂತ ಶಾಸ್ತ್ರಿಗಳೇ ಹೇಳಬೇಕು.

ಗೋಣಿ ಅನ್ನೋ ನಮ್ಮ ಪದ ಇಂಗ್ಲಿಷಿಗೂ ಹೋಯಿತು. ಅವರು ಅದನ್ನು 'ಗನ್ನಿ' ಮಾಡಿಕೊಂಡರು. ಪದ ಹಡಗು ಹತ್ತಿ ಹೋಗಿ ಬದುಕಿತು. ಗೋಣಿ ಹೊತ್ತವರು ದಾರಿಯಲ್ಲೇ ಉಳಿದರು.

*

ಯುದ್ಧದ ಚರಿತ್ರೆಯಲ್ಲಿ ದೊರೆಗಳ ಹೆಸರಿದೆ, ಸೇನಾಪತಿಗಳ ಹೆಸರಿದೆ. ಸೈನ್ಯಕ್ಕೆ ಅನ್ನ ತಂದವರು ಯಾರು? 1791ರ ಮೇ ತಿಂಗಳಲ್ಲಿ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣದ ಹತ್ತಿರದವರೆಗೂ ಬಂದು, ತಿನ್ನೋಕೆ ಇಲ್ಲದೆ, ಎತ್ತುಗಳು ಸತ್ತು, ತನ್ನ ದೊಡ್ಡ ಫಿರಂಗಿಗಳನ್ನು ತಾನೇ ಹಾಳುಮಾಡಿ ಹಿಂದೆ ಸರಿದ. ಮತ್ತೆ 1792ರಲ್ಲಿ ಬಂದಾಗ ಅವನ ಹಿಂದೆ ಬಂಜಾರರ ಧಾನ್ಯದ ಎತ್ತುಗಳಿದ್ದವು. ಈ ಸಲ ಟಿಪ್ಪು ಅರ್ಧ ರಾಜ್ಯ ಬಿಟ್ಟುಕೊಟ್ಟು, ಇಬ್ಬರು ಮಕ್ಕಳನ್ನು ಒತ್ತೆ ಇಡಬೇಕಾಯಿತು. 1799ರಲ್ಲೂ, ಆಮೇಲೆ 1803ರ ಮರಾಠಾ ಯುದ್ಧದಲ್ಲೂ ಆರ್ಥರ್ ವೆಲ್ಲೆಸ್ಲಿ ತನ್ನ ಕಾಗದಗಳಲ್ಲಿ ಬಂಜಾರರ ಸುದ್ದಿ ಬರೆಯುತ್ತಾನೆ. ಅವರು ಬಂದರಾ, ಎಷ್ಟು ತಂದರು, ಯಾಕೆ ತಡ?

ಇದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ. ಮೈಸೂರಿನ ಮೇಲೆ ಬಂದ ಪರಂಗಿ ಸೈನ್ಯಕ್ಕೆ ಕಾಳು ಹೊತ್ತದ್ದು ಹೆಮ್ಮೆಯ ಮಾತಲ್ಲ. ದುಡ್ಡು ಕೊಟ್ಟವರಿಗೆ ಕಾಳು ಮಾರುವುದು ಅವರ ಕಸುಬಾಗಿತ್ತು. ಯಾರ ಅರಮನೆಯಲ್ಲೂ ಅವರಿಗೆ ಪಾಲಿರಲಿಲ್ಲ. ನಾವು ಹೇಳೋದು ಇಷ್ಟೆ. ರಾಜ್ಯಗಳ ಹಣೆಬರಹ ಬರೆದದ್ದು ಕತ್ತಿ ಒಂದೇ ಅಲ್ಲ, ಗೋಣಿಯೂ ಬರೆಯಿತು. ಕತ್ತಿ ಹಿಡಿದವನಿಗೆ ಪ್ರತಿಮೆ ಆಯಿತು. ಗೋಣಿ ಹೊತ್ತವನಿಗೆ ಏನಾಯಿತು ನೋಡಿ.

1805ರಲ್ಲಿ ಮದರಾಸು ಪ್ರಾಂತ್ಯದಲ್ಲಿ ಉಪ್ಪು ಕಂಪನಿ ಸರ್ಕಾರದ ಏಕಸ್ವಾಮ್ಯವಾಯಿತು. ಉಪ್ಪು ಹೊತ್ತವರ ಕಸುಬಿನ ಮೇಲೆ ಸರ್ಕಾರದ ಕೈ ಬಿತ್ತು. 1855ರಲ್ಲಿ ಕಲ್ಕತ್ತೆಯ ಹತ್ತಿರ ರಿಶ್ರಾದಲ್ಲಿ ಮೊದಲ ಸೆಣಬಿನ ಗಿರಣಿ ಶುರುವಾಯಿತು. ಕೈಯಲ್ಲಿ ನೇಯ್ದ ಗೋಣಿಯ ಜಾಗಕ್ಕೆ ಗಿರಣಿ ಗೋಣಿ ಬಂತು. 1864ರಲ್ಲಿ ಬೆಂಗಳೂರಿಗೆ ರೈಲು ಬಂತು. ಸಾವಿರ ಎತ್ತು ಹೊರುವುದನ್ನು ಒಂದು ರೈಲು ಹೊತ್ತುಕೊಂಡು ಹೋಯಿತು. ಹೀಗೆ ಉಪ್ಪು ಹೋಯಿತು, ಗೋಣಿ ಹೋಯಿತು, ದಾರಿಯೂ ಹೋಯಿತು. ಎತ್ತು ಮಾರಿದರು.

ಕಸುಬು ಕಸಿದವರೇ ಆಮೇಲೆ ಕಳ್ಳರು ಅಂತ ಕರೆದರು. 1871ರಲ್ಲಿ ಅಪರಾಧಿ ಬುಡಕಟ್ಟುಗಳ ಕಾಯ್ದೆ ಬಂತು. 1911ರ ಕಾಯ್ದೆ ಅದನ್ನು ನಮ್ಮ ಕಡೆಗೂ ಹಬ್ಬಿಸಿತು. ಅಲೆಮಾರಿಗಳಾದ ಎಷ್ಟೋ ಸಮುದಾಯಗಳನ್ನು, ಬಂಜಾರರ ಹಲವು ಗುಂಪುಗಳನ್ನೂ ಸೇರಿಸಿ, ಹುಟ್ಟಿನಿಂದಲೇ ಅಪರಾಧಿಗಳ ಪಟ್ಟಿಗೆ ಹಾಕಿದರು. ಬೆರಳಚ್ಚು ಕೊಡಬೇಕು, ಹಾಜರಿ ಹೇಳಬೇಕು, ಊರು ಬಿಡಬೇಕಾದರೆ ಪರವಾನಗಿ ಚೀಟಿ ಬೇಕು. ನೂರಾರು ಗಾವುದ ನಡೆದ ಕಾಲಿಗೆ ಚೀಟಿ! ಹುಬ್ಬಳ್ಳಿ, ಗದಗದಂಥ ಕಡೆ ಸೆಟಲ್‌ಮೆಂಟು ಕಟ್ಟಿ, ಇಂಥ ಸಮುದಾಯಗಳನ್ನು ಬೇಲಿಯೊಳಗಿಟ್ಟು, ಬಟ್ಟೆ ಗಿರಣಿಗಳಿಗೆ ಕೂಲಿಗೆ ಕಳಿಸಿದರು. ಸ್ವಾತಂತ್ರ್ಯ ಬಂದು ಐದು ವರ್ಷ ಕಳೆದ ಮೇಲೆ, 1952ರ ಆಗಸ್ಟ್ 31ಕ್ಕೆ ಆ ಕಾಯ್ದೆ ರದ್ದಾಯಿತು. ಕಾಗದದಲ್ಲಿ ರದ್ದಾದದ್ದು ಊರ ಗೌಡನ, ಠಾಣೆಯ ದಫೇದಾರನ ಕಣ್ಣಲ್ಲಿ ರದ್ದಾಗೋಕೆ ಎಷ್ಟು ಕಾಲ ಬೇಕು?

*

ಗಂಡಸರ ಕೈಯಿಂದ ಗೋಣಿ ಜಾರಿತು. ಹೆಂಗಸರ ಕೈಯಲ್ಲಿ ಸೂಜಿ ಉಳಿಯಿತು.

ಲಂಬಾಣಿ ಹೆಣ್ಣುಮಗಳು ತನ್ನ ಮೈಮೇಲಿನ ಬಟ್ಟೆಯನ್ನು ತಾನೇ ಹೊಲಿದುಕೊಂಡವಳು. ಫೇಟಿಯಾ ಅನ್ನೋ ಲಂಗ, ಕಾಂಚಳಿ ಅನ್ನೋ ರವಿಕೆ, ತಲೆ ಮೇಲಿನ ಛಾಟಿಯಾ. ಮದುವೆಗೆ ಮುಂಚೆ ಹೊಲಿದಿಡುವ ಕೋಥಳಿ, ಅಂದರೆ ಚೀಲ. ಗಾಢ ನೀಲಿ ಅಥವಾ ಕೆಂಪು ಕೈಮಗ್ಗದ ಬಟ್ಟೆಯ ಮೇಲೆ ಕನ್ನಡಿ, ಕವಡೆ, ನಾಣ್ಯ. ಅದರಲ್ಲಿ ಹದಿನಾಲ್ಕು ಬಗೆಯ ಹೊಲಿಗೆ ಎಣಿಸುತ್ತಾರೆ. ಕಿಲಣ್, ವೆಲೆ, ಮಾಕಿ, ರೇಲೊ, ನಾಕ್ರಾ ಹೀಗೆ ಒಂದೊಂದಕ್ಕೆ ಒಂದೊಂದು ಹೆಸರು. ಈ ಹೆಸರುಗಳು ಯಾವ ಪುಸ್ತಕದಿಂದಲೂ ಬಂದದ್ದಲ್ಲ. ಲಿಪಿಯಿಲ್ಲದ ಗೋರ್ ಬೋಲಿಯಲ್ಲಿ ತಾಯಿ ಮಗಳಿಗೆ ಹೇಳಿಕೊಟ್ಟದ್ದು. ನಮ್ಮಲ್ಲಿ ಎಷ್ಟೋ ಜನಕ್ಕೆ ಅಕ್ಷರ ಬಂದದ್ದು ಒಂದು ತಲೆಮಾರಿನ ಹಿಂದೆ. ಅದಕ್ಕೂ ಮುಂಚೆ ನಮ್ಮ ಅವ್ವಂದಿರ ಕೈಬರಹ ಇದ್ದದ್ದು ಬಟ್ಟೆ ಮೇಲೆ.

ಕನ್ನಡಿ ಹೊಳೆಯುತ್ತೆ, ಆದರೆ ಹೊಟ್ಟೆ? ಭೂಮಿ ಇಲ್ಲದ ತಾಂಡಾ ಕಬ್ಬು ಕಡಿಯೋಕೆ ಹೋಯಿತು, ರಸ್ತೆ ಕೆಲಸಕ್ಕೆ ಹೋಯಿತು, ಗೋವಾಕ್ಕೆ ಹೋಯಿತು. ಗೋವಾದ ಕಡಲ ದಂಡೆಯಲ್ಲಿ ಪ್ರವಾಸಿಗಳ ಹಿಂದೆ ಓಡಿ ಕನ್ನಡಿ ಚೀಲ, ಮಣಿಸರ ಮಾರಿದವರೂ ನಮ್ಮ ಉತ್ತರ ಕರ್ನಾಟಕದ ಲಮಾಣಿ ಹೆಂಗಸರೇ. ಸಂಡೂರಿನಲ್ಲಿ ಗುಡ್ಡ ಅಗೆದು ಮ್ಯಾಂಗನೀಸು, ಕಬ್ಬಿಣದ ಅದಿರು ತೆಗೆಯುವ ಕಡೆ ಕೂಲಿಯಾದರು. ಬರಗಾಲದಲ್ಲಿ ಅಜ್ಜಿಯ ಫೇಟಿಯಾ ವ್ಯಾಪಾರಿಯ ಕೈಗೆ ಹೋಯಿತು. ಅವನು ಅದನ್ನು ಕತ್ತರಿಸಿ ಚೀಲ ಮಾಡಿ ಪಟ್ಟಣದಲ್ಲಿ ಮಾರಿದ. ಒಬ್ಬಳು ತನ್ನ ಮದುವೆಗೆ ವರ್ಷಗಟ್ಟಲೆ ಹಾಕಿದ ಕಸೂತಿ ಇನ್ನೊಬ್ಬಳ ಕಾಲೇಜು ಪುಸ್ತಕ ಹೊತ್ತುಕೊಂಡು ಹೋಯಿತು. ನಮ್ಮ ಹೆಗಲ ಮೇಲೂ ಅಂಥದೊಂದು ತುಂಡು ಇದ್ದಿರಬಹುದು.

1980ರ ದಶಕದಲ್ಲಿ ಸಂಡೂರಿನಲ್ಲಿ ಕುಶಲ ಕಲಾ ಕೇಂದ್ರ ಶುರುವಾಯಿತು. ತಾಂಡಾದ ಹೆಂಗಸರಿಗೆ ಬಟ್ಟೆ, ದಾರ ಕೊಟ್ಟು ಕಸೂತಿ ಮಾಡಿಸಿ, ಚೀಲ, ದಿಂಬಿನ ಚೀಲ, ಉಡುಪು ಮಾಡಿ ಮಾರುವ ಏರ್ಪಾಡು. ಇದನ್ನು ನಾವು ಅಲ್ಲಗಳೆಯಲ್ಲ. ಗಣಿಯ ಧೂಳು ಕುಡಿಯೋದಕ್ಕಿಂತ ಮನೆಯ ಕಟ್ಟೆ ಮೇಲೆ ಕೂತು ಸೂಜಿ ಹಿಡಿದು ನಾಲ್ಕು ಕಾಸು ಕಾಣೋದು ಮೇಲು. 2010-11ರಲ್ಲಿ 'ಸಂಡೂರು ಲಂಬಾಣಿ ಕಸೂತಿ'ಗೆ ಭೌಗೋಳಿಕ ಗುರುತು ಸಿಕ್ಕಿತು. 2023ರ ಜುಲೈಯಲ್ಲಿ ಹಂಪಿಯಲ್ಲಿ ಜಿ-20 ದೇಶಗಳ ಸಂಸ್ಕೃತಿ ಸಭೆ ನಡೆದಾಗ 450ಕ್ಕೂ ಹೆಚ್ಚು ಲಂಬಾಣಿ ಹೆಂಗಸರ 1,755 ಕಸೂತಿ ತುಣುಕುಗಳನ್ನು ಪ್ರದರ್ಶಿಸಿ ಗಿನ್ನೆಸ್ ದಾಖಲೆ ಮಾಡಿದರು. 1,755 ಅನ್ನೋ ಸಂಖ್ಯೆ ಪತ್ರಿಕೆಗಳಲ್ಲಿ ಬಂತು. 450 ಹೆಸರು ಯಾರ ಬಾಯಲ್ಲಿದೆ?

*

ಈಗ ಚೀಲ ಮಾಡುವ ಕೆಲಸಕ್ಕೆ ಬರೋಣ. ಪಟ್ಟಣದಿಂದ ಒಬ್ಬರು ಅಳತೆ ತರುತ್ತಾರೆ. ಇಷ್ಟುದ್ದ, ಇಷ್ಟಗಲ, ಒಳಗೊಂದು ಜೇಬು, ಹೆಗಲ ಪಟ್ಟಿ ಇಷ್ಟು. ಬಣ್ಣ ಸ್ವಲ್ಪ ತೆಳು ಇರಲಿ, ಕನ್ನಡಿ ಕಮ್ಮಿ ಇರಲಿ, ಕೊಳ್ಳುವವರಿಗೆ ಅದು ಇಷ್ಟ ಅಂತಾರೆ. ಇನ್ನೂರು ಚೀಲ ಬೇಕು, ಇನ್ನೂರೂ ಒಂದೇ ಥರ ಬೇಕು ಅಂತಾರೆ. ಕೈಯಲ್ಲಿ ಮಾಡಿದ್ದು ಅನ್ನೋದು ಮಾರಾಟಕ್ಕೆ ಬೇಕು, ಆದರೆ ಕೈ ಯಂತ್ರದ ಥರ ನಡೀಬೇಕು! ಹೊಲಿಯುವವಳಿಗೆ ಚೀಲಕ್ಕೆ ಇಷ್ಟು ಅಂತ ಕೂಲಿ. ದಾರ ಸಿಕ್ಕು ಬಿಡಿಸಿದ ಹೊತ್ತು, ತಪ್ಪಿದ ಹೊಲಿಗೆ ಬಿಚ್ಚಿ ಮತ್ತೆ ಹಾಕಿದ ಹೊತ್ತು, ಬುಡ್ಡಿ ದೀಪದಲ್ಲಿ ಕಣ್ಣು ನೋಯಿಸಿಕೊಂಡ ಹೊತ್ತು ಯಾವ ಲೆಕ್ಕದಲ್ಲೂ ಇಲ್ಲ. ಒಪ್ಪಿಗೆ ಆಗದ ಚೀಲ ವಾಪಸ್ಸು ಬಂದರೆ ಆ ದುಡಿಮೆ ಗಾಳಿಗೆ.

ಎಲ್ಲ ಕಡೆಯೂ ಹೀಗೇ ಅಂತ ನಾವು ಹೇಳಲ್ಲ. ಸರಿಯಾಗಿ ಮಾಡುವವರೂ ಇದ್ದಾರೆ. ಆದರೆ ಸರಿಯಾಗಿ ಮಾಡೋದು ಅಂದರೆ ಏನು ಅಂತ ಕೇಳಲೇಬೇಕು. ಅಂಬೇಡ್ಕರ್ 1936ರಲ್ಲಿ ಜಾತಿ ವಿನಾಶದ ಬಗ್ಗೆ ಬರೆದಾಗ ತೋರಿಸಿಕೊಟ್ಟ ಒಂದು ವಿಷಯ ಇದೆ. ಹುಟ್ಟಿಗೆ ಕಸುಬು ಕಟ್ಟಿದ ಕಡೆ ದುಡಿಯುವವನಿಗೆ ಆಯ್ಕೆ ಇರಲ್ಲ, ಆಯ್ಕೆ ಇಲ್ಲದ ಕಡೆ ಕೆಲಸದಲ್ಲಿ ಜೀವ ಇರಲ್ಲ. ಕುಶಲಕಲೆಯ ಭಕ್ತರು ಇದನ್ನು ಮರೀತಾರೆ. ಪರಂಪರೆ ಉಳೀಬೇಕು, ಹೆಣ್ಣುಮಕ್ಕಳು ಸೂಜಿ ಬಿಡಬಾರದು ಅಂತ ಭಾಷಣ ಮಾಡುವವರ ಸ್ವಂತ ಮಕ್ಕಳು ಏನು ಓದುತ್ತಿದ್ದಾರೆ? ತಾಂಡಾದ ಹುಡುಗಿ ಡಾಕ್ಟರಾದರೆ ಪರಂಪರೆ ಸಾಯುತ್ತದೆ ಅನ್ನೋದಾದರೆ ಅಂಥ ಪರಂಪರೆ ನಮಗೆ ಬೇಡ. ಅವಳು ಓದಿ, ಆಮೇಲೂ ತನಗೆ ಇಷ್ಟವಾಗಿ ಸೂಜಿ ಹಿಡಿದರೆ ಅದು ಕಲೆ. ಬೇರೆ ದಾರಿ ಇಲ್ಲದೆ ಹಿಡಿದರೆ ಅದು ಬಿಟ್ಟಿ ಚಾಕರಿಯ ಇನ್ನೊಂದು ಹೆಸರು.

ಇನ್ನು ಪರಿಸರದ ಮಾತು. 2016ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ಪ್ಲಾಸ್ಟಿಕ್ ಕೈಚೀಲ ನಿಷೇಧಿಸಿತು. ಬಟ್ಟೆ ಚೀಲಕ್ಕೆ ಬೆಲೆ ಬಂತು, ಒಳ್ಳೆಯದಾಯಿತು. ಆದರೆ ಬಟ್ಟೆ ಅಂದ ಕೂಡಲೇ ಪುಣ್ಯ ಅಲ್ಲ. ಹತ್ತಿ ಬೆಳೆಯೋಕೆ ನೀರು ಬೇಕು, ಔಷಧಿ ಹೊಡೀತಾರೆ, ಔಷಧಿ ಹೊಡೆಯುವ ಕೂಲಿಯ ಎದೆಗೆ ವಿಷ ಹೋಗುತ್ತದೆ. ಇಂಗ್ಲೆಂಡಿನ ಪರಿಸರ ಇಲಾಖೆ 2011ರಲ್ಲಿ ಪ್ರಕಟಿಸಿದ ಒಂದು ಲೆಕ್ಕದಲ್ಲಿ, ಹೊಸ ಹತ್ತಿ ಚೀಲವನ್ನು 131 ಸಲ ಬಳಸಿದರೆ ಮಾತ್ರ ಒಂದೇ ಸಲ ಬಳಸಿ ಎಸೆದ ತೆಳು ಪ್ಲಾಸ್ಟಿಕ್ ಚೀಲಕ್ಕಿಂತ ಹವಾಮಾನದ ಮೇಲಿನ ಅದರ ಹೊರೆ ಕಮ್ಮಿಯಾಗುತ್ತದೆ ಅಂತ ಬಂತು. ಅಂದರೆ ಚೀಲ ಬಾಳಿಕೆ ಬರಬೇಕು. ಹರಿದರೆ ತೇಪೆ ಹಾಕಬೇಕು. ಸಮಾರಂಭದಲ್ಲಿ ಹಾರದ ಜೊತೆ ಕೊಟ್ಟು ಮನೆಯ ಮೂಲೆಗೆ ಬೀಳುವ ಚೀಲ ಪರಿಸರಕ್ಕೂ ಅಲ್ಲ, ಹೊಲಿದವಳಿಗೂ ಅಲ್ಲ.

ಬಾಳಿಕೆಯ ಪಾಠವನ್ನು ನಮ್ಮ ಅವ್ವಂದಿರಿಗೆ ಯಾರೂ ಹೇಳಿಕೊಡಬೇಕಿಲ್ಲ. ಹರಿದ ಸೀರೆ, ಹರಿದ ಧೋತರ, ಮಗುವಿನ ಅಂಗಿ ಎಲ್ಲ ಸೇರಿ ಕೌದಿಯಾಗುತ್ತಿತ್ತು. ಕೌದಿ ಹರಿದರೆ ತೊಟ್ಟಿಲ ಹಾಸು, ಅದೂ ಹರಿದರೆ ಒಲೆ ಮುಂದಿನ ಮಸಿಬಟ್ಟೆ. ಒಂದು ಎಳೆ ವ್ಯರ್ಥ ಆಗಲಿಲ್ಲ. ಆದರೆ ಇದನ್ನು ಪರಿಸರಪ್ರೇಮ ಅಂತ ಹಾಡಬೇಡಿ. ಹೊಸ ಬಟ್ಟೆ ಕೊಳ್ಳೋಕೆ ಆಗದ ಬಡತನ ಅದು. ಆ ಬಡತನದೊಳಗೇ ಅವರು ಕಂಡುಕೊಂಡ ಜಾಣತನಕ್ಕೆ ಬೆಲೆ ಕಟ್ಟಿ, ಬಡತನಕ್ಕೆ ಬೇಡ. ಇವತ್ತು ಬಾಳಿಕೆಯ ಚೀಲ ಮಾಡುವವರು ಗಿರಣಿಯ ಕತ್ತರಿ ತುಂಡು, ಹಳೆ ಬಟ್ಟೆ ತಂದು ಕೌದಿ ಹೊಲಿಗೆಯಲ್ಲಿ ಚೀಲ ಮಾಡಿಸಲಿ. ಆಗ ತಾಂಡಾದ ಅಜ್ಜಿಯೇ ಅಲ್ಲಿ ಮೇಷ್ಟ್ರು, ಪಟ್ಟಣದವರು ವಿದ್ಯಾರ್ಥಿಗಳು.

*

ಹಾಗಾದರೆ ನಾವು ಕೇಳೋದು ಏನು? ದಾನ ಅಲ್ಲ. ಕರುಣೆ ಅಲ್ಲ. ಲೆಕ್ಕ.

ಮೊದಲನೆಯದು ಹೊತ್ತಿನ ಲೆಕ್ಕ. ಮೊದಲ ಚೀಲ ಮಾಡುವಾಗಲೇ ಗಡಿಯಾರ ಇಟ್ಟುಕೊಂಡು, ಹೊಲಿಯುವವಳ ಎದುರಿಗೇ ಎಷ್ಟು ಗಂಟೆ ಹಿಡಿಯಿತು ಅಂತ ಬರೀಬೇಕು. ಬಿಚ್ಚಿ ಹೊಲಿದದ್ದೂ ಸೇರಬೇಕು. ಚೀಲಕ್ಕೆ ಮೂರು ದಿನ ಹಿಡಿದರೆ ಮೂರು ದಿನದ ಕಾನೂನುಬದ್ಧ ಕನಿಷ್ಠ ಕೂಲಿಗಿಂತ ಒಂದು ಪೈಸೆ ಕಮ್ಮಿ ಆಗಬಾರದು. ಅಂಗಡಿಯ ಬೆಲೆ ಎಷ್ಟು ಅಂತ ಅವಳಿಗೂ ಗೊತ್ತಿರಬೇಕು.

ಎರಡನೆಯದು ಹೆಸರು. ಭೌಗೋಳಿಕ ಗುರುತಿನ 1999ರ ಕಾಯ್ದೆಯಲ್ಲಿ 'ಅಧಿಕೃತ ಬಳಕೆದಾರ' ಅನ್ನೋ ಅವಕಾಶ ಇದೆ. ಆ ಸರಕು ತಯಾರಿಸುವವರು ತಮ್ಮ ಹೆಸರಲ್ಲೇ ನೋಂದಣಿ ಮಾಡಿಸಬಹುದು. ಊರಿಗೆ ಗುರುತು ಸಿಕ್ಕಿದರೆ ಸಾಲದು, ಹೊಲಿಯುವವಳ ಕೈಗೆ ಗುರುತು ಸಿಗಬೇಕು. ಚೀಟಿಯ ಮೇಲೆ ಅವಳು ಒಪ್ಪಿದರೆ ಅವಳ ಹೆಸರು ಬರಲಿ. ವಿನ್ಯಾಸ ಯಾರದ್ದು ಅನ್ನೋ ಕಡೆ ಇಬ್ಬರ ಹೆಸರೂ ಬರಲಿ. ಅಳತೆ ಪಟ್ಟಣದ್ದಿರಬಹುದು. ಕಿಲಣ್, ಮಾಕಿ ಪಟ್ಟಣದ್ದಲ್ಲ.

ಮೂರನೆಯದು ಸರ್ಕಾರದ ಲೆಕ್ಕ. 2017ರಲ್ಲಿ ಜಿಎಸ್‌ಟಿ ಬಂದಾಗ ಕೈಉತ್ಪನ್ನಗಳ ಮೇಲೂ ತೆರಿಗೆ ಬಿತ್ತು. ರಂಗಕರ್ಮಿ ಪ್ರಸನ್ನ ಅದರ ವಿರುದ್ಧ ಕರನಿರಾಕರಣೆ ಸತ್ಯಾಗ್ರಹ ಮಾಡಿದರು, ಉಪವಾಸ ಕೂತರು. ಯಂತ್ರದ ಸರಕನ್ನೂ ಕೈಯ ಸರಕನ್ನೂ ಒಂದೇ ತಕ್ಕಡಿಗೆ ಹಾಕೋದು ಸಮಾನತೆ ಅಲ್ಲ. ಅದು 1864ರ ರೈಲು ಮತ್ತು ಎತ್ತಿನ ನಡುವೆ ಓಟದ ಪಂದ್ಯ ಇಟ್ಟ ಹಾಗೆ.

ಗೆಳೆಯರೆ, ಈ ಬರಹ ಮುಗಿಸುವಾಗ ಮತ್ತೆ ನಮ್ಮ ಹೆಗಲಿಗೇ ಬರಬೇಕು. ನಮ್ಮ ಸಮ್ಮೇಳನಗಳಲ್ಲಿ ಇವತ್ತಿಗೂ ಪ್ರತಿನಿಧಿಗಳಿಗೆ ಚೀಲ ಹಂಚುತ್ತೇವೆ. ಅಗ್ಗಕ್ಕೆ ಯಾರು ಕೊಡುತ್ತಾರೋ ಅವರಿಂದ ತರುತ್ತೇವೆ. ಮೇಲೆ ಅಂಬೇಡ್ಕರ್ ಚಿತ್ರ ಅಚ್ಚು ಹಾಕಿಸುತ್ತೇವೆ. ಆ ಚೀಲವನ್ನು ಎಂಥ ಕೋಣೆಯಲ್ಲಿ, ಎಷ್ಟು ಕೂಲಿಗೆ, ಯಾರ ಮಗಳು ಹೊಲಿದಳು ಅಂತ ಕೇಳದೆ ಅದನ್ನು ಹೆಗಲಿಗೆ ಹಾಕಿಕೊಂಡು ಸಮಾನತೆಯ ಭಾಷಣ ಮಾಡುತ್ತೇವೆ. ಮುಂದಿನ ಸಲ ಕಡಿಮೆ ಚೀಲ ಮಾಡಿಸೋಣ. ತಾಂಡಾದಲ್ಲೋ, ನಮ್ಮ ಕೇರಿಯ ಹೊಲಿಗೆ ಕಲಿತ ಹುಡುಗಿಯರ ಹತ್ತಿರವೋ ಮಾಡಿಸೋಣ. ಅವರು ಹೇಳಿದ ಬೆಲೆ ಕೊಡೋಣ. ಹಳೇ ಚೀಲ ಇದ್ದವರು ಹಳೇದನ್ನೇ ತರಲಿ. ಹರಿದಿದ್ದರೆ ತೇಪೆ ಹಾಕಿಸಿಕೊಂಡು ಬರಲಿ, ಅದಕ್ಕೆ ನಾಚಿಕೆ ಬೇಡ.

ಸಭೆ ಶುರುವಾಗೋ ಮುಂಚೆ ವೇದಿಕೆ ಮೇಲಿಂದ ಚೀಲ ಹೊಲಿದವರ ಹೆಸರನ್ನು ಒಂದೊಂದಾಗಿ ಓದೋಣ. ಅಧ್ಯಕ್ಷರ ಹೆಸರು ಆಮೇಲೆ ಬರಲಿ.